ಜೇವರ್ಗಿಯ ಸಕ್ಕರೆ ಆರತಿ

ಗೌರಿ ಹುಣ್ಣಿಮೆಗೆ ನಾನು ಪ್ರತಿ ವರ್ಷ ಅಫಜಲಪುರದಿಂದ ಆಳಂದದ ನಮ್ಮ ಮನೆಗೆ ಬರುತ್ತೇನೆ. ಅಫಜಲಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುತ್ತೇನೆ. ದೀಪಾವಳಿಗೆ ತಪ್ಪಿಸಿದರೂ ಈ ಹಬ್ಬಕ್ಕೆ ತಪ್ಪಿಸುವುದಿಲ್ಲ. ಕಾರಣ ಅಣ್ಣನ ಮಕ್ಕಳು. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ನಾಲ್ಕು. ಬೆಳಿಗ್ಗೆ ಅವರನ್ನು ನಿಂಬರ್ಗಾದ ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ ಚೆಂಡು ಹೂ ಕಿತ್ತು ತರುವುದು, ಸಂಜೆ ಅವರ ಕೈಯಲ್ಲಿ ಸಕ್ಕರೆ ಬೊಂಬೆಗಳ ಒಂದೊಂದು ತಟ್ಟೆ ಕೊಟ್ಟು ಸಕ್ಕರೆ ಆರತಿ ಬೆಳಗಿಸುವುದು ನನ್ನ ಪಾಲಿನ ಕೆಲಸ.

ಹೋದ ವರ್ಷ ಹೊರಡುವಾಗ ಮನಸ್ಸಿನಲ್ಲಿ ಇನ್ನೊಂದು ವಿಷಯವೂ ಇತ್ತು. ಜೇವರ್ಗಿಯ ಒಂದು ಮನೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು. ಹುಡುಗ ಸಭ್ಯ, ಮಾತು ಕಡಿಮೆ. ಮದುವೆಯಾದ ಮೇಲೆ ಅಫಜಲಪುರದ ಕೆಲಸ ಬಿಡಬೇಕಾಗುತ್ತದೆಯೇ ಎಂದು ಕೇಳಿದ್ದೆ. ವಿಚಾರ ಮಾಡಿ ಹೇಳುತ್ತೇನೆ ಅಂದಿದ್ದ. ಅವನ ಉತ್ತರ ಬರುವವರೆಗೆ ನನ್ನದೂ ಇಲ್ಲ, ಸಂಕ್ರಾಂತಿಯ ತನಕ ಸಮಯ ಬೇಕು ಎಂದು ಅವ್ವನಿಗೆ ಹೇಳಿದ್ದೆ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಕೇಳಲಾರದ ಒಂದು ಹೆಜ್ಜಿ ಮುಂದ ಇಡಂಗಿಲ್ಲವಾ" ಅಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. ನಂಬಿದೆ.

ಹುಣ್ಣಿಮೆಯ ಬೆಳಿಗ್ಗೆ ಅಣ್ಣ ಗೆಳೆಯನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಅಂಗಡಿ ಬಿಟ್ಟು ಅರ್ಧ ದಿನವೂ ಬರದವನು ಅಂದು ತಾನೇ ಮಕ್ಕಳಿಗೆ ಟೋಪಿ ಹಾಕಿದ.

"ನೀನೂ ಬಾ ಅವ್ವಾ" ಎಂದೆ.

"ಇವತ್ತು ನಳ ಬರ್ತಾವ. ನೀರು ಯಾರು ತುಂಬ್ತಾರ? ನೀವು ಸಾವಕಾಶ ಬರ್ರಿ, ಗಡಿಬಿಡಿ ಮಾಡಬ್ಯಾಡ್ರಿ" ಅಂದಳು. ಅಣ್ಣನ ಹೆಂಡತಿ, ವೈನಿಯೂ ನೀರಿಗೆಂದೇ ಉಳಿದಳು.

ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಚಿಕ್ಕವನು ಸಾಲಿನೊಳಗೆ ಬಗ್ಗಿ ಕಾಣದಂತಾಗಿ, "ನನ್ನ ಹುಡುಕು ಅತ್ತಿ!" ಎಂದು ತಾನೇ ಕೂಗುತ್ತಿದ್ದ. ದೊಡ್ಡವಳು ಹೂವನ್ನು ದೇಟಿನ ಸಮೇತ ಕಿತ್ತು, ಚಿಕ್ಕವನಿಗೆ, "ಲೇ, ತುಳೀಬ್ಯಾಡ, ಗೌರಿ ಸಿಟ್ಟಾಗ್ತಾಳ" ಎಂದು ಗದರಿಸುತ್ತಿದ್ದಳು. ಬದುವಿನ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ತಿರುಗಿ ಹೊರಡೋಣ ಅಂದರೆ ಅಣ್ಣ ಗಡಿಯಾರ ನೋಡಿ, "ಜಿಡಗಾ ಮಠಕ್ಕ ಹೋಗಿ ಬರಮು ನಡಿ. ಹುಡುಗರು ನೋಡೇ ಇಲ್ಲ" ಅಂದ. ಮಠದ ಅಂಗಳದಲ್ಲಿ ಮಕ್ಕಳು ಓಡಾಡಿ ದಣಿದರು. ದೊಡ್ಡವಳು ಅಂದು ಎಂದಿಗಿಂತ ಕಡಿಮೆ ಮಾತಾಡಿದಳು, ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಬಿಸಿಲು ತಾಗಿರಬೇಕು ಎಂದುಕೊಂಡೆ. ಇಷ್ಟು ಒಳ್ಳೆಯ ದಿನ ಕೊಟ್ಟದ್ದಕ್ಕೆ ಅಣ್ಣನಿಗೆ ಥ್ಯಾಂಕ್ಸ್ ಕೂಡ ಹೇಳಿದೆ.

ಮನೆಗೆ ಬಂದಾಗ ದೇವರ ಮುಂದೆ ಹೊಸ ಬುಟ್ಟಿಯಿತ್ತು. ಅದರಲ್ಲಿ ಸಕ್ಕರೆಯ ಆನೆ, ಕುದುರೆ, ತೇರು, ಗಿಳಿ. ನಾವು ಪ್ರತಿ ವರ್ಷ ತರುವ ಬೊಂಬೆಗಳು ಬೆರಳುದ್ದ ಇರುತ್ತವೆ. ಇವು ಅಂಗೈ ಅಗಲ ಇದ್ದವು.

"ಬಜಾರದಾಗ ಈ ಸಲ ಚೊಲೋ ಬಂದಿದ್ವು" ಎಂದಳು ಅವ್ವ. ಹಸಿರು ಸೀರೆ ತೆಗೆದು ಕೊಟ್ಟು, "ಹಬ್ಬದ ದಿನ ಆ ಚೂಡಿದಾರ ಬ್ಯಾಡ" ಅಂದಳು. ಉಟ್ಟುಕೊಂಡೆ.

ಸಂಜೆ ಓಣಿಯ ಹೆಣ್ಣುಮಕ್ಕಳೊಂದಿಗೆ ಗೌರಿ ಕೂರಿಸಿದ ಮನೆಗೆ ಹೋದೆವು. ಮಕ್ಕಳು ಎರಡೂ ಕಡೆ ನನ್ನ ಸೆರಗು ಹಿಡಿದಿದ್ದರು. ಬೊಂಬೆಗಳ ನಡುವೆ ದೀಪವಿಟ್ಟು ಬೆಳಗಿದೆ. ಎಲ್ಲರೂ ಹಾಡಿದರು. ತಟ್ಟೆ ಕೆಳಗಿಟ್ಟ ಮೇಲೆ ಎದುರು ಮನೆಯ ಅಜ್ಜಿ ಬಗ್ಗಿ ಆನೆಯನ್ನು ನೋಡಿದರು.

"ಯಾವ ಊರಿಂದ ಬಂದಾವ ಬೇ?"

"ಬಜಾರದಿಂದ್ರಿ."

ಹೆಂಗಸರು ಗೊಳ್ಳೆಂದು ನಕ್ಕರು. "ಬಜಾರದಾಗ ಇಂಥಾ ಆನಿ ಎಲ್ಲಿ ಸಿಗ್ತಾವ! ಹಸಿರು ಸೀರಿ ಉಟ್ಟು ನಾಚ್ಕೊಳ್ಳಾಕತ್ತಾಳ ನೋಡ್ರಿ. ಬೀಗರ ಹೆಸರು ಹೇಳಾಕ ಏನಾಗ್ಯದ?"

ನಮ್ಮ ಕಡೆ ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಈ ಹುಣ್ಣಿಮೆಗೆ ಸೀರೆ, ಸಕ್ಕರೆ ಆರತಿ ಬರುತ್ತದೆ. ಅದನ್ನು ಅವಳು ಓಣಿಯ ಎದುರು ಗೌರಿಗೆ ಬೆಳಗಿದರೆ ಮದುವೆಗೆ ಒಪ್ಪಿದ ಹಾಗೆಯೇ, ಮತ್ತೆ ಯಾರೂ ಏನೂ ಕೇಳುವುದಿಲ್ಲ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಆ ನಗುವಿನ ನಡುವೆ ನಿಂತು, ಇವರು ನನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದಾರೆ ಅಂದುಕೊಳ್ಳುತ್ತಿದ್ದೆ. ಆಗ ಸೆರಗು ಜಗ್ಗಿತು.

"ಅತ್ತೀ, ಜೇವರ್ಗಿಯವರು ತಂದಾರ. ನಾವು ಹೊಲಕ್ಕ ಹೋದಾಗ ಬರೋರಿದ್ರು. ನಿನಗ ಹೇಳಿದ್ರ ನೀ ಊರಿಗೆ ಓಡಿ ಹೋಗ್ತಿ ಅಂತ ಆಯಿ ಅಂದಾಳ."

ಹೊಲದಲ್ಲಿ, ಮಠದಲ್ಲಿ, ಕಾರಿನಲ್ಲಿ ಆ ಆರು ವರ್ಷದ ಹುಡುಗಿ ತನ್ನ ಆಯಿಯ, ಅಂದರೆ ನನ್ನ ಅವ್ವನ, ಆ ಮಾತನ್ನು ಇಡೀ ದಿನ ಬಾಯಲ್ಲಿಟ್ಟುಕೊಂಡು ಓಡಾಡಿದ್ದಳು.

ಮನೆಗೆ ಬಂದು ತಟ್ಟೆಯನ್ನು ಅವ್ವನ ಮುಂದಿಟ್ಟೆ. "ಕೇಳ್ತೇನಿ ಅಂದಿದ್ದಿಯಲ್ಲಾ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ."

ನಾನು ಬೇಡ ಅನ್ನುತ್ತಿದ್ದೆನೋ ಇಲ್ಲವೋ. ಬಹುಶಃ ಹೂಂ ಅನ್ನುತ್ತಿದ್ದೆನೇನೋ. ಅದು ನನಗೂ ತಿಳಿಯುವ ಮೊದಲೇ ಅವರು ತೀರ್ಮಾನಿಸಿಬಿಟ್ಟಿದ್ದರು.

"ಹುಡುಗರ ಮುಂದ ಬ್ಯಾಡ" ಎಂದ ಅಣ್ಣ.

"ಹುಡುಗರಿಗೆ ನನಗಿಂತ ಮೊದಲು ಗೊತ್ತದ" ಎಂದೆ. ಅವನು ಟಿವಿಯ ಸದ್ದು ಜೋರು ಮಾಡಿದ.

ಒಳಗೆ ಹೋಗಿ ಜೇವರ್ಗಿಗೆ ಫೋನ್ ಮಾಡಿದೆ. ಹುಡುಗನ ತಾಯಿ ಎತ್ತಿದರು. "ಆರತಿ ಬೆಳಗಿದ್ಯಾ ಮಗಳ?" ಎಂದು ಪ್ರೀತಿಯಿಂದ ಕೇಳಿದರು. ನಾನು ಇನ್ನೂ ಒಪ್ಪಿಲ್ಲ, ಅದು ನಿಮ್ಮ ಮನೆಯದೆಂದು ಗೊತ್ತಿಲ್ಲದೆ ಬೆಳಗಿದೆ ಎಂದೆ.

"ನೀನೇ ಹೂಂ ಅಂದೀ ಅಂತ ನಿಮ್ಮವ್ವ ಹೇಳಿದ್ರಲ್ಲವಾ. ನನ್ನ ಮಗ ಕೆಲಸದ ಮಾತು ತಾನೇ ಹೇಳಿ ಬರ್ತೇನಿ ಅಂದಿದ್ದ. ಹಂಗೇನೂ ಬ್ಯಾಡ, ಹುಡುಗಿ ಎಲ್ಲಾ ಒಪ್ಯಾಳ ಅಂತ ಅವರೇ ಅಂದ್ರು." ಆಮೇಲೆ, "ಸೀರಿ ತಿರುಗಿ ಕಳಸವಾ. ಸಕ್ಕರಿ ಹುಡುಗರಿಗೆ ಕೊಡು, ಗೌರಿಗೆ ಬೆಳಗಿದ್ದು ವಾಪಸ್ ತಗೊಳ್ಳಂಗಿಲ್ಲ" ಎಂದು ಫೋನ್ ಇಟ್ಟರು. ಅವನ ಉತ್ತರ ಏನಿತ್ತೆಂದು ನಾನು ಕೇಳಲೇ ಇಲ್ಲ.

ಮರುದಿನ ಸೀರೆ ಮಡಚಿ ಕೊರಿಯರ್‌ಗೆ ಕೊಟ್ಟು ಬಂದು ಚೀಲ ಹೆಗಲಿಗೆ ಹಾಕಿದೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಚಿಕ್ಕವನು ಸಕ್ಕರೆ ಕುದುರೆಯ ಕಾಲು ಚೀಪುತ್ತಿದ್ದ. ದೊಡ್ಡವಳು ಏನನ್ನೂ ಮುಟ್ಟಿರಲಿಲ್ಲ.

"ಆಯಿ ನನಗ ಬೈದಾಳ. ಹೇಳಿದ್ದು ತಪ್ಪೇನ್ ಅತ್ತಿ?"

"ಇಲ್ಲ. ಇನ್ನ ಮ್ಯಾಲೆ ಯಾರರ ಅತ್ತಿ ಮುಂದ ಹೇಳಬ್ಯಾಡ ಅಂದ್ರ, ಬಂದು ನನಗೇ ಹೇಳು."

"ನಿನಗ ಹೇಳಿದ್ದು ಆಯಿಗೆ ಹೇಳಬಾರ್ದೇನು?"

ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ಹಿಂದಿನ ದಿನದ ಹಾಗೆಯೇ ತುಟಿ ಬಿಗಿಹಿಡಿದು, ಹೊಸ ಅಪ್ಪಣೆಗೆ ತಯಾರಾಗಿ ನಿಂತಿದ್ದಳು.

"ಹೇಳಬಹುದು. ಯಾರಿಗೆ ಬೇಕಾದ್ರೂ ಹೇಳು" ಎಂದೆ.

"ಹಂಗಾದ್ರ ನೀ ಅಳಾಕತ್ತಿದ್ದಿ ಅಂತ ಹೇಳ್ಲೇನು?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಹೇಳು" ಎಂದು ಚಪ್ಪಲಿ ಮೆಟ್ಟಿದೆ.