ಮಣ್ಣು ಹತ್ತದ ಬೆನ್ನು

ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಹಳೆಯ ಪೈಲ್ವಾನರು ಎಂದೂ ಅಂಗಾತ ಮಲಗುತ್ತಿರಲಿಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದವನು ಸೋತಂತೆ. ಸೇಡಂನಿಂದ ಹೈದರಾಬಾದಿನವರೆಗೆ ಕುಸ್ತಿ ಹಿಡಿದವರು, ಕಣ ಬಿಟ್ಟು ಮೂವತ್ತು ವರ್ಷವಾದರೂ ಹೊರಸಿನ ಮೇಲೆ ಮಗ್ಗುಲಾಗಿಯೇ ಮಲಗುತ್ತಿದ್ದರು. ಇಸಿಜಿ ತೆಗೆಯಲು ಅಂಗಾತ ಮಲಗಿ ಎಂದ ನರ್ಸಿಗೂ ಹೇಳಿದ್ದು ಒಂದೇ ಮಾತು: "ನನ್ನ ಬೆನ್ನಿಗಿ ಇನ್ನಾ ಮಣ್ಣು ಹತ್ತಿಲ್ಲವ್ವಾ."

ಒಂದು ಮಧ್ಯಾಹ್ನ ಪೈಲ್ವಾನರು, ನಾನು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವಲ್ಲಿಗೆ ಬಂದು, ನಿಲ್ಲಿಸಿಟ್ಟ ಒಂದು ಕಲ್ಲಿಗೆ ಒರಗಿ ಕುಳಿತರು. ಕಣ್ಣು ಮುಚ್ಚಿ ಬಹಳ ಹೊತ್ತು ಅಲುಗಾಡಲಿಲ್ಲ. ಏಳುವಾಗ ಅದರ ಮೇಲೆ ಅಂಗೈ ಇಟ್ಟು, "ಇದು ಯಾರಿಗೂ ಮಾರಬ್ಯಾಡ ತಮ್ಮಾ. ಭಾಳ ತಣ್ಣಗದ," ಎಂದರು. ನಾನು ನಕ್ಕೆ.

ಎಂಟು ದಿನಕ್ಕೆ ತೀರಿಕೊಂಡರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಬೆನ್ನು ಮಣ್ಣಿಗೇ ಒರಗಬೇಕು. ಆಗ ನನಗೆ ಆ ಕಲ್ಲು ನೆನಪಾಯಿತು. ತರಿಸಿ ಗೂಡಿನೊಳಗೆ ನಿಲ್ಲಿಸಿದರೆ, ಅಳತೆ ಕೊಟ್ಟು ಕೊಯ್ಸಿದಂತೆ ಕೂತಿತು.

ಕುಣಿಗೆ ಇಳಿದು ಅವರನ್ನು ಕೂಡಿಸಿದವನೂ ನಾನೇ. ಹಿಂದಕ್ಕೆ ಒರಗಿಸಲು ಎಷ್ಟು ಒತ್ತಿದರೂ ಅವರು ಒರಗಲಿಲ್ಲ. ಮುಂದಕ್ಕೆ ವಾಲಿ, ಕುಸ್ತಿಗೆ ನಿಂತವರ ಹಾಗೆ ಹಣೆಯನ್ನು ನನ್ನ ಭುಜಕ್ಕೆ ಕೊಟ್ಟುಬಿಟ್ಟರು. ನಾನು ಅವರ ಕಿವಿಯಲ್ಲಿ, "ಪೈಲ್ವಾನ್ರ, ಹಿಂದ ಮಣ್ಣಿಲ್ರಿ, ಪರಸಿ ಅದ," ಎಂದೆ.

ಭಾರ ಮೆಲ್ಲಗೆ ಹಿಂದಕ್ಕೆ ಸರಿದು ಕಲ್ಲಿಗೆ ಒರಗಿತು. ನಾನೇ ಒರಗಿಸಿದೆ ಎಂದು ಮೇಲೆ ನಿಂತವರು ತಿಳಿದುಕೊಂಡರು. ನಾನು ಆಗಲೇ ಕೈ ಬಿಟ್ಟಿದ್ದೆ.