ಎಸಿ ಹಾಕಿದರೆ ನಡುಗುತ್ತಿದ್ದ ಕಾರು

ದೊಡ್ಡಬಳ್ಳಾಪುರದ ನಮ್ಮ ಮನೆಯ ಪಕ್ಕದಲ್ಲೇ ಆರು ಮಗ್ಗಗಳ ಶೆಡ್ಡು. ಕಾರು ನಿಲ್ಲುವುದು ಗೇಟಿನೊಳಗೆ, ಆ ಶೆಡ್ಡಿನ ಗೋಡೆಯ ಮುಂದೆ. ಹಳೆಯ ಪೆಟ್ರೋಲ್ ಗಾಡಿ, ನಮಗಿಂತ ಮೊದಲು ಇಬ್ಬರ ಕೈ ಕಂಡಿತ್ತು. ಕಳೆದ ಬೇಸಿಗೆಯಲ್ಲಿ ಅದಕ್ಕೊಂದು ಕಾಯಿಲೆ ಬಂತು. ಓಡುವಾಗ ಏನೂ ಇಲ್ಲ. ಎಲ್ಲಾದರೂ ನಿಲ್ಲಿಸಿಕೊಂಡು ಎಸಿ ಹಾಕಿದರೆ ಒಳಗೆಲ್ಲೋ ಟಕ್ ಎನ್ನುತ್ತಿತ್ತು, ಎಂಜಿನ್ನಿನ ಸದ್ದು ಕುಸಿಯುತ್ತಿತ್ತು, ಆಮೇಲೆ ಇಡೀ ಗಾಡಿ ನಡುಗುತ್ತಿತ್ತು. ಎಸಿ ಆರಿಸಿದರೆ ಎರಡು ಕ್ಷಣದಲ್ಲಿ ಶಾಂತ.

ಅದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ನಲವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿತವಳು ಅವಳು. ಲೈಸೆನ್ಸ್ ಬಂದ ಮೇಲೆ ನನ್ನ ತಾಯಿಯನ್ನು ಮಂಡಿನೋವಿನ ಡಾಕ್ಟರ ಹತ್ತಿರ ಕರೆದೊಯ್ಯುವುದು, ಹತ್ತಿರದ ವಿಜಯಪುರದಿಂದ ರೇಷ್ಮೆ ನೂಲು ತರುವುದು, ನಮ್ಮ ತಾಲ್ಲೂಕಿನದೇ ಆದ ಮಧುರೆಯ ತವರಿಗೆ ಹೋಗಿ ಸಂಜೆಯೊಳಗೆ ಬರುವುದು ಎಲ್ಲವೂ ಅವಳದೇ ಆಗಿತ್ತು. ಯಾರನ್ನೂ ಕೇಳದೆ ಕೀಲಿ ತೆಗೆದುಕೊಂಡು ಹೊರಡುತ್ತಿದ್ದಳು.

"ರೀ, ರೈಲ್ವೆ ಗೇಟ್ ಹತ್ರ ನಿಂತ್ರೆ ಗಡಗಡ ಅಂತದೆ. ಮೆಕ್ಯಾನಿಕ್ಕಿಗೆ ತೋರ್ಸೋಣ" ಎಂದಳು.

"ಇಪ್ಪತ್ತು ವರ್ಷ ಮಗ್ಗ ರಿಪೇರಿ ಮಾಡ್ದೋನಿಗೆ ಒಂದು ಕಾರ್ ಗೊತ್ತಾಗಲ್ವಾ?"

"ಮಗ್ಗ ರೋಡಲ್ಲಿ ಹೋಗಲ್ವಲ್ಲ" ಎಂದು ನಕ್ಕಳು.

ಆ ಭಾನುವಾರ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಅವಳಿಗೆ ಎಸಿ ಹಾಕಲು ಹೇಳಿ ಅಂಗೈ ಇಟ್ಟು ನೋಡಿದೆ. ಮಗ್ಗದ ಸದ್ದಿಗೆ ನನ್ನ ಕಿವಿ ಅರ್ಧ ಮಂದವಾಗಿದೆ, ಯಂತ್ರದ ತೊಂದರೆಯನ್ನು ಕೈಯಲ್ಲೇ ತಿಳಿಯುವುದು ಅಭ್ಯಾಸ. ಎಸಿಯ ಭಾರ ಬಿದ್ದಾಗ ಎಂಜಿನ್ನಿಗೆ ಶಕ್ತಿ ಸಾಲುತ್ತಿಲ್ಲ ಎಂದು ತಿಳಿಯಿತು. ಆಕ್ಸಿಲರೇಟರ್ ಕೇಬಲ್ ಬಂದು ಸೇರುವಲ್ಲಿ ಒಂದು ಸಣ್ಣ ಸನ್ನೆ, ಅಂದರೆ ಲಿವರ್ ಇದೆ; ಎಳೆದಷ್ಟೂ ಎಂಜಿನ್ ಜೋರಾಗುತ್ತದೆ. ಅದನ್ನು ಬೆರಳಿನಿಂದ ಕೂದಲೆಳೆಯಷ್ಟು ಎಳೆದೆ. ನಡುಕ ನಿಂತಿತು. ಯಾಕೆ ಶಕ್ತಿ ಸಾಲುತ್ತಿಲ್ಲ ಎಂದು ಮುಂದೆ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮಗ್ಗಕ್ಕೆ ಕಟ್ಟುವ ನೈಲಾನ್ ಹುರಿ ಒಂದು ಗೇಣು ತಂದು, ಸನ್ನೆ ಪೂರ್ತಿ ಹಿಂದಕ್ಕೆ ಹೋಗದ ಹಾಗೆ ಎಳೆದು ಕಟ್ಟಿಬಿಟ್ಟೆ.

ನಮ್ಮ ಕಡೆಯ ಶೆಡ್ಡುಗಳಲ್ಲಿ ಇದು ತಪ್ಪಲ್ಲ. ಕರೆಂಟ್ ಇರುವಷ್ಟು ಹೊತ್ತು ಮಗ್ಗ ನಿಲ್ಲಬಾರದು. ಏನು ಸಡಿಲವಾದರೂ ಹುರಿಯಲ್ಲಿ ಬಿಗಿದು ಓಡಿಸುತ್ತೇವೆ, ಕರೆಂಟ್ ಹೋದಾಗ ಬಿಚ್ಚಿ ಸರಿಯಾಗಿ ರಿಪೇರಿ ಮಾಡುತ್ತೇವೆ. ಕರೆಂಟ್ ದಿನಕ್ಕೊಮ್ಮೆಯಾದರೂ ಹೋಗುತ್ತದೆ, ಹಾಗಾಗಿ ಕಟ್ಟಿದ್ದು ಮರೆತುಹೋಗುವುದಿಲ್ಲ. ಕಾರಿಗೆ ಅಂಥ ಬಿಡುವು ಯಾವುದೂ ಬರಲಿಲ್ಲ. ನಾನು ಮರೆತೆ. ಎಸಿ ಆರಿಸಿದರೆ ಎಂಜಿನ್ ಸುಮ್ಮನೆ ನಿಂತಲ್ಲೇ ಭೋರ್ ಎನ್ನುತ್ತಿತ್ತು. ಅದನ್ನು ಅವಳು ಹೇಳಿದಾಗ, "ಎಸಿ ಹಾಕ್ಕೊಂಡೇ ಓಡ್ಸು, ಸೆಕೆ ಬೇರೆ" ಎಂದೆ. ಹುರಿ ಕಟ್ಟಿದ ವಿಷಯ ಹೇಳಲಿಲ್ಲ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತು. ಅವಳು ತರಕಾರಿ ತಂದು ಗೇಟಿನೊಳಗೆ ತಿರುಗಿಸಿದಳು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದೆ. ತಾಯಿ ಜಗಲಿಯ ಮೇಲೆ ಹುರುಳಿಕಾಯಿ ಬಿಡಿಸಲು ಮೊರ ಇಟ್ಟುಕೊಂಡು ಕಾಯುತ್ತಿದ್ದರು. ಎದುರುಮನೆಯ ಹಿರಿಯರು ಪೇಪರ್ ಹಿಡಿದು ನಮ್ಮ ಗೇಟಿನ ಬಳಿಯೇ ನಿಂತಿದ್ದರು.

ಗೇಟು ದಾಟಿದ ಮೇಲೆ ಎಂಜಿನ್ನಿನ ಸದ್ದು ಇಳಿಯಬೇಕಿತ್ತು. ಇಳಿಯಲಿಲ್ಲ, ಏರಿತು. ಕಾರಿನ ಮೂತಿ ಕೆಳಕ್ಕೆ ಬಾಗಿತು. ಬ್ರೇಕ್ ತುಳಿದರೆ ಮಾತ್ರ ಮೂತಿ ಹಾಗೆ ಬಾಗುತ್ತದೆ. ಅದನ್ನು ನಾನು ನೋಡಿದೆ. ಗಾಬರಿಯಲ್ಲಿ ಅವಳ ಕಾಲು ಸಡಿಲವಾಗಿರಬೇಕು, ಮೂತಿ ಮೇಲೆದ್ದಿತು, ಕಾರು ಮುನ್ನುಗ್ಗಿತು. ಮತ್ತೆ ಬಾಗಿತು. ಎರಡು ಸಲ ಬಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಪಕ್ಕಕ್ಕೆ ಹಾರಿದೆ. ಕಾರು ಗೋಡೆಗೆ ಹೊಡೆದು ನಿಂತಿತು.

ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಇಳಿದಳು. ಮಣಿಕಟ್ಟು ಆಗಲೇ ಊದುತ್ತಿತ್ತು. ಮೊದಲು ಮಾತಾಡಿದವರು ಎದುರುಮನೆಯವರು: "ಬ್ರೇಕ್ ಬದ್ಲು ಆಕ್ಸಿಲರೇಟರ್ ತುಳ್ದವ್ಳೆ ಕಣಪ್ಪಾ. ಹೊಸಬ್ರು ಮಾಡೋದೇ ಇದು."

"ಈ ವಯಸ್ಸಲ್ಲಿ ಇವ್ಳಿಗೆ ಕಾರ್ ಬೇಕಿತ್ತಾ? ಅವ್ನ ಪ್ರಾಣಾನೇ ತೆಗೀತಿದ್ಲು" ಎಂದರು ತಾಯಿ.

ಅವಳು ನನ್ನನ್ನು ನೋಡಿದಳು. "ನಾನು ಬ್ರೇಕೇ ತುಳಿದೆ ಅನ್ಕೊಂಡೆ" ಎಂದಳು. ಅನ್ಕೊಂಡೆ ಎಂದಳು, ತುಳಿದೆ ಎನ್ನಲಿಲ್ಲ.

ಆಗ ನಾನು ಮಾಡಿದ್ದು ಇದು. ರೇಡಿಯೇಟರ್ ನೋಡುತ್ತೇನೆಂದು ಬಾನೆಟ್ ಎತ್ತಿದೆ. ಹುರಿಯ ಗಂಟು ಜಾರಿ ಪಕ್ಕದ ಕ್ಲಿಪ್ಪಿಗೆ ಸಿಕ್ಕಿಕೊಂಡು ಸನ್ನೆಯನ್ನು ಅರ್ಧ ತೆರೆದೇ ಹಿಡಿದಿತ್ತು. ನೂಲು ಕತ್ತರಿಸಲು ಜೇಬಿನಲ್ಲಿ ಯಾವಾಗಲೂ ಬ್ಲೇಡಿನ ತುಂಡು ಇರುತ್ತದೆ. ಎಲ್ಲರಿಗೂ ಬೆನ್ನು ಮಾಡಿ ಹುರಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಹೆಂಡತಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಪ್ಲಾಸ್ಟರ್. ಮಗ್ಗಕ್ಕೆ ಏರಿಸುವ ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಸೇರಿಸುವ, ಕೆಚ್ಚುವ ಕೈ ಅದು. ಹುರಿಯನ್ನು ಆಸ್ಪತ್ರೆಯ ಕಸದ ಡಬ್ಬಿಯಲ್ಲಿ ಹಾಕಿದೆ.

ಕಾರು ರಿಪೇರಿಗೆ ಹೋಯಿತು. ಮೆಕ್ಯಾನಿಕ್ ನನಗಿಂತ ಚಿಕ್ಕವನು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಬಿಚ್ಚಿ ತೋರಿಸಿದ. ಒಳಗೆ ಮಸಿ ಮೆತ್ತಿತ್ತು, ಫಿಲ್ಟರಿನ ತುಂಬ ನಮ್ಮದೇ ಶೆಡ್ಡಿನ ನೂಲಿನ ಧೂಳು. ಎಂಜಿನ್ ಕೂರುವ ರಬ್ಬರು ಬೇರೆ ಸೀಳಿತ್ತು.

"ಉಸಿರು ಕಟ್ಟಿರೋನ ತಲೆ ಮೇಲೆ ಮೂಟೆ ಹೊರ್ಸಿದಂಗಣ್ಣಾ, ಅದಕ್ಕೇ ಎಸಿ ಹಾಕಿದ್ರೆ ನಡುಗ್ತಿತ್ತು. ಅರ್ಧ ದಿನದ ಕೆಲ್ಸ ಅಷ್ಟೇ" ಎಂದ. ಆಮೇಲೆ ಸನ್ನೆಯ ಮೇಲೆ ಬೆರಳಿಟ್ಟ. "ಇಲ್ಲಿ ಏನಾದ್ರೂ ಕಟ್ಟಿದ್ರಾ? ಉಜ್ಜಿರೋ ಗುರ್ತು ಐತೆ."

"ಇಲ್ಲಪ್ಪ" ಎಂದೆ.

ಅವನು ನನ್ನ ಮುಖ ನೋಡಿ, "ಸರಿ ಅಣ್ಣ" ಎಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ಕೀಲಿ ಮುಟ್ಟಲಿಲ್ಲ. ನೂಲಿಗೆ ನಾನು ಹೋಗತೊಡಗಿದೆ, ತವರಿಗೆ ಅವಳು ಬಸ್ಸಿನಲ್ಲಿ ಹೋದಳು. ನಾನು ಒತ್ತಾಯ ಮಾಡಲಿಲ್ಲ. ಸುಮ್ಮನಿರುವುದನ್ನೇ ಅವಳ ಮೇಲಿನ ಕಾಳಜಿ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆಂದು ಒಳಗೆ ಬಂದಾಗ ಅವಳು ಮಂಚದ ತುದಿಯಲ್ಲಿ ಕುಳಿತಿದ್ದಳು. ಕಾಲ ಕೆಳಗೆ ಎರಡು ಚಪ್ಪಲಿಗಳು, ಎರಡೂ ಬಲಗಾಲಿನ ಮುಂದೆ. ಒಂದನ್ನು ತುಳಿದು ಕಾಲೆತ್ತಿ ಇನ್ನೊಂದನ್ನು ತುಳಿಯುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು: "ಇದು ಬ್ರೇಕು. ಇದು ಆಕ್ಸಿಲರೇಟರು. ಇದು ಬ್ರೇಕು."

ನನ್ನನ್ನು ಕಂಡು ನಾಚಿಕೊಂಡಳು. "ಏನಿಲ್ಲ, ದಿನಾ ಸ್ವಲ್ಪ ಮಾಡ್ತೀನಿ. ನನ್ ಕಾಲಿನ ಮೇಲೆ ನಂಗೇ ನಂಬಿಕೆ ಹೋಗ್ಬಿಟ್ಟಿದೆ."

ನಾನು ನೆಲದ ಮೇಲೆ ಕುಳಿತು ಹೇಳಿದೆ. ಹುರಿ ಕಟ್ಟಿದ್ದು, ಗಂಟು ಸಿಕ್ಕಿಕೊಂಡದ್ದು, ಕತ್ತರಿಸಿ ಜೇಬಿಗೆ ಹಾಕಿಕೊಂಡದ್ದು. ಕಾರಿನ ಮೂತಿ ಎರಡು ಸಲ ಬಾಗಿದ್ದನ್ನೂ ಹೇಳಿದೆ.

ಅವಳು ಅಳಲಿಲ್ಲ. "ಹಂಗಾದ್ರೆ ನಾನು ಬ್ರೇಕೇ ತುಳಿದಿದ್ದು" ಎಂದಳು.

"ಹೂಂ."

"ನಿಮ್ಗೆ ಅವತ್ತೇ ಗೊತ್ತಿತ್ತು."

"ಹೂಂ."

ಅವಳು ಮಣಿಕಟ್ಟು ಒತ್ತಿಕೊಂಡಳು. "ನಂದೇ ತಪ್ಪು ಅಂತ ಅವ್ರು ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ನಿಜ ಹೇಳಿ" ಎಂದಳು.

ಸಂಜೆ ಎದುರುಮನೆಯವರು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು, ತಾಯಿಯೂ ಇದ್ದರು. ತಪ್ಪು ಅವಳದಲ್ಲ, ಆಕ್ಸಿಲರೇಟರಿಗೆ ನಾನು ಕಟ್ಟಿದ್ದ ಹುರಿಯದು ಎಂದೆ.

ಹಿರಿಯರು ನಕ್ಕರು. "ಹೆಂಡ್ತೀನ ಮತ್ತೆ ಕಾರ್ ಹತ್ಸೋಕೆ ಒಳ್ಳೆ ಕತೆ ಕಟ್ಟಿದೀಯ ಕಣಪ್ಪಾ! ಇಂಥ ಗಂಡ ಎಲ್ಲರಿಗೂ ಸಿಗಲ್ಲ."

"ಮೊದಲಿಂದ ಇವ್ನು ಹಂಗೇ, ಎಲ್ಲರ ತಪ್ಪೂ ಮೈಮೇಲೆ ಹಾಕ್ಕೊಳ್ಳೋದು" ಎಂದರು ತಾಯಿ.

ನಾನು ಒಳಗೆ ಹೋದೆ. ಅವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನೀವು ಇನ್ನೂ ಒಳ್ಳೇವ್ರಾಗ್ಬಿಟ್ರಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ತಾಳುವುದೇ ಕಷ್ಟವಾಯಿತು.

ಅವಳಿಗೆ ಹೇಳಿದ್ದರಲ್ಲಿ ಒಂದನ್ನು ನಾನು ಜಗಲಿಯಲ್ಲಿ ಹೇಳಿರಲಿಲ್ಲ. ಮತ್ತೆ ಜಗಲಿಗೆ ಹೋದೆ. ಅವರೆಲ್ಲ ಅವಳನ್ನು ಬಯ್ಯುತ್ತಿದ್ದಾಗಲೇ ಬಾನೆಟ್ ಎತ್ತಿ, ಅವರಿಗೆ ಕಾಣದ ಹಾಗೆ ಹುರಿ ಕತ್ತರಿಸಿ ಜೇಬಿಗಿಟ್ಟುಕೊಂಡೆ, ಮೆಕ್ಯಾನಿಕ್ ಕೇಳಿದಾಗಲೂ ಸುಳ್ಳು ಹೇಳಿದೆ ಎಂದೆ. ರೇಡಿಯೇಟರ್ ನೋಡುತ್ತೇನೆಂದು ಅವತ್ತು ನಾನು ಅಂದದ್ದು ಹಿರಿಯರಿಗೆ ನೆನಪಿತ್ತು, ಈ ಸಲ ನಂಬಿದರು. ಅವರು ಕಾಫಿ ಲೋಟ ಕೆಳಗಿಟ್ಟರು. ತಾಯಿ ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡದೆ ಎದ್ದು ಒಳಗೆ ಸೊಸೆಯ ಹತ್ತಿರ ಹೋದರು. ಒಳಗೆ ಏನು ಮಾತಾಯಿತೋ ನನ್ನ ಕಿವಿಗೆ ಕೇಳಿಸಲಿಲ್ಲ.