ಅಡಕತ್ತರಿಯಲ್ಲಿ ಒಡೆದ ಗುಳಿಗೆ

ಭರಮಣ್ಣನಿಗೆ ಯಾವುದನ್ನೂ ಇಡಿಯಾಗಿ ತಿಂದು ಗೊತ್ತಿಲ್ಲ. ಹರಿಹರದಲ್ಲಿ ಆಡಿ ಬೆಳೆದ ಕಾಲದಿಂದಲೂ ಅಷ್ಟೇ. ರೊಟ್ಟಿಯಾಗಲಿ, ಮಿರ್ಚಿ ಬಜ್ಜಿಯಾಗಲಿ, ಅವ್ವ ಮುರಿದು ಅರ್ಧ ಅಣ್ಣ ಸೂರಪ್ಪನ ಕೈಗೆ, ಅರ್ಧ ಇವನ ಕೈಗೆ ಇಡುತ್ತಿದ್ದಳು. ಈಗ ಇಬ್ಬರಿಗೂ ಐವತ್ತು ದಾಟಿದೆ. ಭರಮಣ್ಣ ದಾವಣಗೆರೆಯಲ್ಲಿ ಮನೆ ಮಾಡಿ, ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇಥ್ ಮಷೀನು ನಡೆಸುತ್ತಾನೆ. ಸೂರಪ್ಪ ಹರಿಹರದಲ್ಲೇ ಉಳಿದು ರೈಲ್ವೆ ಸ್ಟೇಷನ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಆದರೂ ಇಬ್ಬರೂ ಸೇರಿ ಹೋಟೆಲಿಗೆ ಹೋದರೆಂದರೆ ಒಂದೇ ಬೆಣ್ಣೆದೋಸೆ ಹೇಳಿ, ಎರಡು ಪ್ಲೇಟು ಕೇಳುವ ಆಸಾಮಿಗಳು. ಆಗ ಸಪ್ಲೈಯರ್ ಮುಖ ನೋಡಬೇಕು ನೀವು!

ಅವ್ವನಿಂದ ಬಂದ ಇನ್ನೊಂದು ಆಸ್ತಿಯೂ ಹೀಗೇ ಸಮಪಾಲಾಗಿತ್ತು. ಬಿಪಿ, ಅದರ ಬೆನ್ನಿಗೇ ಕಿಡ್ನಿ ತೊಂದರೆ. ಅವ್ವ ಹೋಗಿದ್ದು ಅದರಿಂದಲೇ. ಮುಖ ಊದಿಕೊಂಡು, ಮಲಗಿದರೆ ಉಸಿರು ಸಿಗದೆ, ಗೋಡೆಗೆ ಒರಗಿ ಕೂತೇ ಪ್ರಾಣ ಬಿಟ್ಟಳು. ಅದನ್ನು ಕಣ್ಣಾರೆ ಕಂಡ ಭರಮಣ್ಣ ಸಾವಿಗಿಂತ ಆ ಸಾಯುವ ರೀತಿಗೆ ಹೆದರಿದ. ಬೆಳಗ್ಗೆ ಎದ್ದವನು ಮೊದಲು ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ, ಬಾವು ಬಂದಿದೆಯಾ ಅಂತ ನೋಡಿಕೊಳ್ಳುತ್ತಿದ್ದ. "ಒತ್ತಿ ಒತ್ತಿ ನೀನೇ ಬಾವು ಬರಿಸ್ಕೊಂತೀಯ ನೋಡು" ಅಂತ ಹೆಂಡತಿ ಊರಮ್ಮ ಬೈಯುತ್ತಿದ್ದಳು.

ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಕಿಡ್ನಿಗೂ ಹೃದಯಕ್ಕೂ ಒಟ್ಟಿಗೇ ಆಗುವಂಥ ಹೊಸ ಗುಳಿಗೆಯ ಪ್ರಯೋಗ ನಡೆದಿದೆ ಅಂತ ಕಿವಿಗೆ ಬಿದ್ದದ್ದೇ ತಡ, ಭರಮಣ್ಣ ಅಣ್ಣನನ್ನೂ ಎಳೆದುಕೊಂಡು ಹೋದ. ಅಲ್ಲಿ ಆ ಪ್ರಯೋಗದ ಉಸ್ತುವಾರಿ ನೋಡುತ್ತಿದ್ದವಳು ಭವ್ಯಾ ಎಂಬ ಹುಡುಗಿ. ಪಾಪ, ತಾಳ್ಮೆಯಿಂದ ಬಿಡಿಸಿ ಹೇಳಿದಳು.

"ನೋಡ್ರಿ ಅಂಕಲ್, ಕಿಡ್ನಿ ಮೇಲೆ ಟೋಪಿ ಇಟ್ಟಂಗೆ ಒಂದು ಗ್ರಂಥಿ ಐತೆ. ಅದರೊಳಗೆ ಒಂದು ಕಿಣ್ವ, ಎಂಜೈಮ್ ಅಂತೀವಲ್ಲ ಅದು, ಒಂದು ಹಾರ್ಮೋನ್ ತಯಾರು ಮಾಡ್ತೈತೆ. ಆ ಹಾರ್ಮೋನ್ ಜಾಸ್ತಿ ಆದ್ರೆ ಮೈಯಾಗೆ ಉಪ್ಪು ನಿಲ್ಲುತ್ತೆ, ಬಿಪಿ ಏರುತ್ತೆ, ಹೃದಯಕ್ಕೂ ಕಿಡ್ನಿಗೂ ಪೆಟ್ಟು. ಈ ಗುಳಿಗೆ ಆ ಕಿಣ್ವಾನ ಕೆಲಸ ಮಾಡಾಕೆ ಬಿಡಲ್ಲ. ಇನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ, ಪರೀಕ್ಷೇಲಿ ಐತೆ. ಕೆಲವರಿಗೆ ಖರೇ ಗುಳಿಗೆ, ಕೆಲವರಿಗೆ ಹಂಗೇ ಕಾಣೋ, ಔಷಧ ಇಲ್ಲದ ಖಾಲಿ ಗುಳಿಗೆ. ಯಾರ ಡಬ್ಬಿಯಾಗೆ ಯಾವುದು ಅಂತ ನಂಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ."

ಇಬ್ಬರ ರಕ್ತವನ್ನೂ ತಗೊಂಡರು. ಭರಮಣ್ಣನನ್ನು ಸೇರಿಸಿಕೊಂಡರು. ಸೂರಪ್ಪನಿಗೆ, ರಕ್ತದಲ್ಲಿ ಪೊಟ್ಯಾಶಿಯಂ ಮೊದಲೇ ಹೆಚ್ಚಿದೆ, ನಿಮಗಾಗಲ್ಲ ಅಂತ ಹೇಳಿ, ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಪೊಟ್ಯಾಶಿಯಂ ಅಂದರೆ ಏನೋ ಎತ್ತೋ, ಅಣ್ಣ ತಮ್ಮ ಇಬ್ಬರ ಕಿವಿಗೂ ಬಿದ್ದದ್ದು "ಆಗಲ್ಲ" ಎಂಬುದೊಂದೇ. ಬಸ್ಸಿನಲ್ಲಿ ಸೀಟು ಮುಗಿದ ಹಾಗೆ ಅಂತ ತಿಳಿದುಕೊಂಡರು.

ಸೂರಪ್ಪ ಏನೂ ಕೇಳಲಿಲ್ಲ. ಕೇಳಿದ್ದರೆ ಭರಮಣ್ಣನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. "ಇರಲಿ ಬಿಡೋ ತಮ್ಮಾ, ನಿಂಗಾದ್ರೂ ಸಿಕ್ತಲ್ಲ" ಅಂದ, ಅಷ್ಟೇ. ಆ ಮಾತು ಇವನನ್ನು ಕೊರೆಯಿತು. ಮನೆಗೆ ಬಂದವನೇ ಊರಮ್ಮನ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಗುಳಿಗೆಯನ್ನು ಅದರ ಬಾಯಿಗೆ ಕೊಟ್ಟು ಕಟ್ ಅನ್ನಿಸಿದ. ಅಂದಿನಿಂದ ದಿನಾ ಅರ್ಧ ತನಗೆ, ಅರ್ಧ ಅಣ್ಣನಿಗೆ. ಒಂದೊಂದು ಸಲ ತುಂಡು ಸಮ ಬರುತ್ತಿರಲಿಲ್ಲ. ದೊಡ್ಡದು ಅಣ್ಣನಿಗೇ. ಭಾನುವಾರ ಬಂದರೆ ವಾರದ ತುಂಡುಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತುತ್ತಿದ್ದ. ಕ್ಲಿನಿಕ್ಕಿಗೆ ಡಬ್ಬಿ ವಾಪಸ್ ಕೊಡುವಾಗ ಅದು ಖಾಲಿಯೇ ಇರುತ್ತಿತ್ತು, ಯಾರಿಗೆ ಯಾಕೆ ಅನುಮಾನ? ಇಷ್ಟು ದೊಡ್ಡ ಕಳ್ಳತನವನ್ನು ಇಷ್ಟು ಪ್ರೀತಿಯಿಂದ ಮಾಡಿದವನನ್ನು ನಾನಂತೂ ಕಂಡಿಲ್ಲ.

ಬೇಸಿಗೆಯ ಒಂದು ಬೆಳಗ್ಗೆ, ಭರಮಣ್ಣ ಮಾಮೂಲಿ ತಪಾಸಣೆಗೆ ಹೋದಾಗ ಭವ್ಯಾ ರಿಪೋರ್ಟ್ ನೋಡಿ ಹುಬ್ಬು ಗಂಟು ಹಾಕಿದಳು.

"ಬಿಪಿ ಚಲೋ ಇಳಿದೈತೆ ಅಂಕಲ್. ಆದ್ರೆ ಪೊಟ್ಯಾಶಿಯಂ ಸ್ವಲ್ಪ ಮೇಲಕ್ಕೆ ಬಂದೈತೆ. ಎಳನೀರು, ಬಾಳೆಹಣ್ಣು ಸದ್ಯಕ್ಕೆ ಬ್ಯಾಡ್ರಿ."

"ಅದು ಏರಿದ್ರೆ ಏನಾಗ್ತೈತೆ ಮೇಡಂ?"

"ಮೊದಲು ಕೈಕಾಲಾಗಿನ ಶಕ್ತಿ ಹೋಗುತ್ತೆ. ಬಾಳ ಏರಿದ್ರೆ ಹೃದಯ ನಿಂತೇ ಹೋಗಬಹುದು. ನೀವು ಹೆದರಬ್ಯಾಡ್ರಿ, ನಿಮ್ಮದು ಹಂಗಿಲ್ಲ. ಮೊದಲೇ ಜಾಸ್ತಿ ಇದ್ದೋರಿಗೆ ಈ ಗುಳಿಗೆ ವಿಷ ಇದ್ದಂಗೆ. ನಿಮ್ಮಣ್ಣಂಗೆ ಬ್ಯಾಡ ಅಂದಿದ್ದು ಅದಕ್ಕೇ ಅಲ್ವಾ?"

ಭರಮಣ್ಣನಿಗೆ ಅಣ್ಣನ ಮಾತು ನೆನಪಾಯಿತು. ಹೋದ ಭಾನುವಾರವೇ ಸೂರಪ್ಪ ಹೇಳಿದ್ದ, "ಯಾಕೋ ಕಾಲು ನಿಲ್ಲವಲ್ಲೋ, ಟಯರ್ ಬಿಚ್ಚಾಕೂ ಕೈಯಾಗೆ ಬಲ ಇಲ್ಲ" ಅಂತ. ಅದಕ್ಕೆ ಇವನು, "ಗುಳಿಗೆ ಬಿಡಬ್ಯಾಡಣ್ಣ, ಸರಿ ಹೋಗ್ತೈತೆ" ಅಂತ ಬುದ್ಧಿ ಹೇಳಿ ಬಂದಿದ್ದ. ಅಯ್ಯೋ ದೇವರೇ!

ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೇಳಿದರೆ ಡಬ್ಬಿ ಕಸಕೊಳ್ಳುತ್ತಾರೆ, ಡಬ್ಬಿ ಹೋದರೆ ತನಗೂ ಅವ್ವನ ಗತಿಯೇ. ಗೋಡೆಗೆ ಒರಗಿ ಕೂತ ಅವ್ವ ಕಣ್ಣ ಮುಂದೆ ಬಂದಳು. "ಬರ್ತೀನ್ರಿ" ಅಂದವನೇ ಹೊಸ ಡಬ್ಬಿ ಜೇಬಿಗಿಟ್ಟುಕೊಂಡು ಹೊರಗೆ ಬಂದು ಅಣ್ಣನಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಅತ್ತಿಗೆ ತವರಿಗೆ ಹೋಗಿದ್ದಳು, ಮನೆಯಲ್ಲಿ ಎತ್ತುವವರು ಇನ್ಯಾರೂ ಇಲ್ಲ.

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಬೆವರು ನಿಲ್ಲಲಿಲ್ಲ. ಒಂದೊಂದು ಸ್ಟಾಪಿನಲ್ಲೂ ಕಂಡಕ್ಟರ್ ಜನ ಹತ್ತಿಸಿಕೊಳ್ಳುವಾಗ ಭರಮಣ್ಣನಿಗೆ ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬರುತ್ತಿತ್ತು. ಅಣ್ಣ ಚಹಾಕ್ಕೆ ಹೋಗಿರಬೇಕು, ಫೋನು ಚಾರ್ಜಿಗೆ ಹಾಕಿರಬೇಕು ಅಂತ ಮನಸ್ಸಿಗೆ ಸುಳ್ಳು ಹೇಳಿಕೊಳ್ಳುತ್ತಿದ್ದ. ನಾನೇ ಕೊಂದೆನೇನು? ಈ ಮಾತು ಬಂದಾಗಲೆಲ್ಲ ಮತ್ತೆ ಫೋನು ಹಚ್ಚುತ್ತಿದ್ದ.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನೋಡಿದರೆ ಸೂರಪ್ಪ ಹಳೇ ಟಯರುಗಳ ನಡುವೆ ನೆಲದ ಮೇಲೆ ಬಿದ್ದಿದ್ದಾನೆ. ಕಣ್ಣು ತೆರೆದಿವೆ. ಮೇಲಿನ ಹಲಗೆಯಲ್ಲಿ ಫೋನು. "ಕೇಳ್ತಿತ್ತೋ... ಏಳಾಕೆ ಆಗಲಿಲ್ಲ" ಅಂದ. ಮಾತು ಬಾಯಲ್ಲೇ ಕರಗುತ್ತಿತ್ತು. ಭರಮಣ್ಣ ಮಣಿಕಟ್ಟು ಹಿಡಿದು ನೋಡಿದ. ನಾಡಿ ಒಂದು ಸಲ ಬಡಿದು, ಮುಂದಿನದನ್ನು ಮರೆತಂತೆ ತಡವಾಗಿ ಬರುತ್ತಿತ್ತು. ಆ ಎರಡರ ನಡುವೆ ಭರಮಣ್ಣನ ಜೀವ ಬಾಯಿಗೆ ಬರುತ್ತಿತ್ತು.

ಪಕ್ಕದಲ್ಲೇ ಆಟೋ ನಿಲ್ಲಿಸಿಕೊಂಡಿದ್ದ ನಬೀ ಸಾಬ್ ಓಡಿ ಬಂದ. "ಇಲ್ಲಿ ತೋರಿಸ್ಕೊಂತ ಕೂಡ್ರಬ್ಯಾಡ್ರಿ, ಸೀದಾ ದಾವಣಗೆರೆಗೇ ಹೋಗಾಣ" ಅಂದ. ಇಬ್ಬರೂ ಸೇರಿ ಎತ್ತಿ ಆಟೋಗೆ ಹಾಕಿದರು. ದಾರಿಯುದ್ದಕ್ಕೂ ಭರಮಣ್ಣ ಮಣಿಕಟ್ಟು ಬಿಡಲಿಲ್ಲ. "ಇನ್ನೂ ಜೋರಾಗಿ ಹೊಡೀರಿ ಸಾಬ್ರೇ" ಅಂತ ಕೂಗಿದ್ದೇ ಕೂಗಿದ್ದು. ಅವನೂ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ದೊಡ್ಡಾಸ್ಪತ್ರೆಯ ಡ್ಯೂಟಿ ಡಾಕ್ಟರಮ್ಮ ಇಸಿಜಿ ಪಟ್ಟಿ ನೋಡಿದವಳೇ ನರ್ಸಿಗೆ ಇಂಜೆಕ್ಷನ್ ಕೂಗಿ ಹೇಳಿ, ಇವನ ಕಡೆ ತಿರುಗಿದಳು. "ಏನೇನು ಮಾತ್ರೆ ತಗೋತಾರೆ ಇವರು? ಬೇಗ ಹೇಳ್ರಿ."

ಹೇಳಿದರೆ ಪೊಲೀಸರನ್ನು ಕರೆಯುತ್ತಾರಾ? ಊರಮ್ಮನಿಗೆ ಏನು ಹೇಳೋದು? ಡಬ್ಬಿ? ಮಂಚದ ಮೇಲೆ ಅಣ್ಣನ ಎದೆಗೆ ವೈರು ಅಂಟಿಸುತ್ತಿದ್ದರು.

"ನನ್ನ ಗುಳಿಗೆ ಕೊಟ್ಟೀನ್ರಿ" ಅಂದ. "ಪ್ರಯೋಗದ್ದು. ದಿನಾ ಅರ್ಧ. ಅವರು ಬ್ಯಾಡ ಅಂದಿದ್ರು, ನಾನೇ ಕೊಟ್ಟೆ." ಅಷ್ಟು ಹೇಳಿ ಗೋಡೆ ಹಿಡಿದುಕೊಂಡು ಅತ್ತುಬಿಟ್ಟ. ಡಾಕ್ಟರಮ್ಮ ಬೈಯಲಿಲ್ಲ. "ಮೊದಲು ಆ ಪ್ರಯೋಗದೋರಿಗೆ ಫೋನ್ ಹಚ್ಚಿ ಕೊಡ್ರಿ" ಅಂದಳು.

ಭವ್ಯಾ ಓಡೋಡಿ ಬಂದಳು. ಜೀವಕ್ಕೆ ಅಪಾಯ ಬಂದಾಗ ಮಾತ್ರ ಆ ಗುಟ್ಟು ತೆರೆದು, ಯಾವ ಡಬ್ಬಿಯಲ್ಲಿ ಏನಿತ್ತು ಅಂತ ಕೇಳಬಹುದಂತೆ. ಯಾರ್ಯಾರಿಗೋ ಫೋನು ಮಾಡಿ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಖರೇ ಗುಳಿಗೇನೇ ಇತ್ತು ಅಂಕಲ್."

ಸಂಜೆಯ ಹೊತ್ತಿಗೆ ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಕೆಲಸ ಮಾಡಿ ಸೂರಪ್ಪನ ನಾಡಿ ಒಂದು ಹದಕ್ಕೆ ಬಂತು. ಕಾಲಾಡಿಸಿದ, ನೀರು ಕೇಳಿದ. ಭವ್ಯಾ ಹೊರಡುವ ಮುಂಚೆ ಭರಮಣ್ಣನ ಕೈಯಿಂದ ಡಬ್ಬಿ ಇಸಕೊಂಡಳು. "ಇನ್ನು ನಿಮಗೆ ಕೊಡಾಕೆ ಬರಲ್ಲ ಅಂಕಲ್. ನಿಯಮ ಐತೆ. ಮಾಮೂಲಿ ಔಷಧ ಡಾಕ್ಟ್ರು ಬರಕೊಡ್ತಾರೆ, ತಪಾಸಣೆಗೆ ಮಾತ್ರ ತಪ್ಪಿಸಬ್ಯಾಡ್ರಿ" ಅಂದಳು. ಅವಳ ಕಣ್ಣಲ್ಲೂ ನೀರಿತ್ತು.

ಭರಮಣ್ಣ ಅಣ್ಣನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಗುಳಿಗೆ ವಿಷವಾದದ್ದು, ಕ್ಲಿನಿಕ್ಕಿನಲ್ಲಿ ತಾನು ಬಾಯಿ ಮುಚ್ಚಿಕೊಂಡು ಬಂದದ್ದು, ಈಗ ಡಬ್ಬಿ ಹೋದದ್ದು, ಎಲ್ಲ. "ಹೊಡಿ ನನ್ನ" ಅಂತ ತಲೆ ತಗ್ಗಿಸಿದ. ಸೂರಪ್ಪ ಮೆಲ್ಲಗೆ ಕೇಳಿದ.

"ಹಂಗಾರೆ ನಿಂಗೆ ಸಿಕ್ಕಿದ್ದು ಖಾಲಿದಲ್ಲ, ಖರೇ ಔಷಧ?"

"ಹೂಂ ಅಣ್ಣ."

"ನಿಂಗದು ಹತ್ತಿತ್ತು?"

"ಬಿಪಿ ಇಳಿದಿತ್ತು ಅಂದ್ರು."

ಸೂರಪ್ಪನ ಮುಖ ಮುರುಟಿತು. ಡ್ರಿಪ್ಪಿನ ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ತಮ್ಮನ ಅಂಗಿ ಹಿಡಿದುಕೊಂಡ.

"ಅರ್ಧ ಗುಳಿಗೆಗೇ ಇಳಿದಿತ್ತಲ್ಲೋ ಮಳ್ಳಾ! ಪೂರ್ತಿ ನುಂಗಿದ್ರೆ ನೀನು ಉಳಕೊಂತಿದ್ದೆ. ಈಗ ಅದೂ ಇಲ್ಲ. ಅವ್ವನ್ನ ನೋಡಿದ ಈ ಕಣ್ಣಾಗೆ ನಿನ್ನನ್ನೂ ನೋಡು ಅಂತೀಯೇನೋ?"

ನರ್ಸು ಬಂದು ಕೈ ಅಲ್ಲಾಡಿಸಬೇಡಿ ಅಂತ ಗದರಿದಳು. ಸೂರಪ್ಪ ಅಂಗಿ ಬಿಡಲಿಲ್ಲ.